ಕೈಗೆ ಹತ್ತಿದ ಬಣ್ಣ

ಹೋದ ವರ್ಷ ಹುಬ್ಬಳ್ಳಿಯಲ್ಲಿ ನನ್ನ ತಮ್ಮನ ಮಗಳ ಮದುವೆ ಇತ್ತು. ಹಿಂದಿನ ದಿನ ಮದರಂಗಿ. ಕೋನ್ ಹಿಡಿದು ಬಂದ ಇಬ್ಬರು ಹುಡುಗಿಯರು ಮಧ್ಯಾಹ್ನ ಮೂರಕ್ಕೇ ಕೂತಿದ್ದರು. ಸಂಜೆಯಾಗುವಷ್ಟರಲ್ಲಿ ಮದುಮಗಳ ಎರಡೂ ಕೈ ಮೊಳಕೈವರೆಗೆ ಮುಗಿದು, ಉಳಿದ ಹೆಣ್ಣುಮಕ್ಕಳ ಸರದಿ ನಡೆದಿತ್ತು. ಹಾಡು, ಚಹಾ, ಫೋಟೋದವನ ಗದ್ದಲ. ಮೂಲೆಯ ಕುರ್ಚಿಯಲ್ಲಿ ನನ್ನ ಸೋದರತ್ತೆ ಕೂತಿದ್ದಳು. ಅತ್ತಿಗೆ ಈಗ ಎಪ್ಪತ್ತರ ಹತ್ತಿರ. ಗಂಡನನ್ನು ಕಳೆದುಕೊಂಡು ಐವತ್ತು ವರ್ಷವಾಗಿದೆ.

ಕೋನ್ ಹಿಡಿದ ಹುಡುಗಿಗೆ ಇದೇನೂ ಗೊತ್ತಿಲ್ಲ. ಒಂದು ಕೈ ಮುಗಿಸಿ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತ, "ಅಜ್ಜಿ, ನೀವೂ ಬರ್ರಿ. ಸಣ್ಣದೊಂದು ಹಾಕ್ತೀನಿ" ಅಂದಳು. ಅತ್ತಿ ನಕ್ಕು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅಲ್ಲಿಗೇ ಮುಗಿಯಬೇಕಾದ ಮಾತು ಅದು. ಮುಗಿಸದೆ ಬಿಟ್ಟವಳು ನಾನು. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ ಹೆಮ್ಮೆಯೋ, ಸುತ್ತ ಇದ್ದ ಎಳೆಯರ ಮುಂದೆ ಒಳ್ಳೆಯವಳಾಗುವ ಆಸೆಯೋ, ಎದ್ದು ಹೋಗಿ ಅತ್ತಿಯ ಕೈಯನ್ನು ಸೆರಗಿನಿಂದ ಹೊರಗೆಳೆದು ಹುಡುಗಿಯ ಮುಂದೆ ಚಾಚಿದೆ. "ಹಾಕವ್ವ, ಆ ಕಾಲ ಹೋತು" ಅಂದೆ. ನಾಲ್ಕು ಜನ ಚಪ್ಪಾಳೆ ತಟ್ಟಿದರು. ಫೋಟೋದವನೂ ತಿರುಗಿದ.

ಅತ್ತಿ ಕೈ ಬಿಡಿಸಿಕೊಂಡಳು. ಜೋರಾಗಿಯೇ ಬಿಡಿಸಿಕೊಂಡಳು. "ಬ್ಯಾಡಂದೆ ಇಲ್ಲೇನ? ನನ್ನ ಕೈ ಐತಿ ಇದು" ಅಂದಳು.

ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಯಾಕೆ ಬಿಟ್ಟಿಲ್ಲ ಅನ್ನುವುದಕ್ಕೆ ಹಿಂದಿನದನ್ನು ಹೇಳಬೇಕು.

ನಮ್ಮದು ಹಾವೇರಿ ಕಡೆಯ ಹಳ್ಳಿ. ಪಂಚಮಿ ಹಬ್ಬ ಅಂದರೆ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಗಿಡಕ್ಕೆ ಜೋಕಾಲಿ ಕಟ್ಟುತ್ತಾರೆ, ಉಂಡಿ ಕಟ್ಟುತ್ತಾರೆ, ಹಿಂದಿನ ರಾತ್ರಿ ಕೈಗೆ ಗೋರಂಟಿ ಹಚ್ಚಿಕೊಳ್ಳುತ್ತಾರೆ. ಮದರಂಗಿಗೆ ನಮ್ಮ ಮನೆಯಲ್ಲಿದ್ದ ಹೆಸರು ಅದು. (ಬೇರೆ ಕಡೆ ಗೋರಂಟಿ ಅಂದರೆ ಮುಡಿಯುವ ಹೂವು. ಧಾರವಾಡಕ್ಕೆ ಓದಲು ಬಂದ ಹೊಸದರಲ್ಲಿ ಈ ಗೊಂದಲಕ್ಕೆ ಸಾಕಷ್ಟು ನಗೆಪಾಟಲಾಗಿದ್ದೇನೆ.) ಹಿತ್ತಲ ಬೇಲಿಯ ಗಿಡದಿಂದ ಎಲೆ ತರಿದು ತಂದು, ಹುಣಸೆಹುಳಿ, ಚಹಾದ ಡಿಕಾಕ್ಷನ್, ಒಂದು ಚೂರು ಕಾಚು ಹಾಕಿ ಒರಳಲ್ಲಿ ರುಬ್ಬುವುದು. ಈಗಿನ ಹಾಗೆ ಬಳ್ಳಿ, ನವಿಲು, ಮದುಮಗನ ಹೆಸರಿನ ಅಕ್ಷರ ಏನೂ ಇಲ್ಲ. ಅಂಗೈ ನಡುವೆ ರೂಪಾಯಿಯಷ್ಟು ದೊಡ್ಡ ಚುಕ್ಕೆ, ಸುತ್ತ ಸಣ್ಣ ಚುಕ್ಕೆಗಳು, ಬೆರಳ ತುದಿಗಳಿಗೆ ಉಗುರು ಮುಚ್ಚುವಂತೆ ಟೊಪ್ಪಿಗೆ. ಸ್ವಲ್ಪ ಕಲಾವಂತಿಕೆ ಇದ್ದವರು ಕಸಬರಿಗೆ ಕಡ್ಡಿಯಲ್ಲಿ ಗೆರೆ ಎಳೆಯುತ್ತಿದ್ದರು. ರಾತ್ರಿಯಿಡೀ ಕೈಗೆ ಹಳೇ ಬಟ್ಟೆ ಸುತ್ತಿಕೊಂಡು ಮಲಗುವುದು. ಮೂಗು ತುರಿಸಿದರೂ ಯಾರನ್ನಾದರೂ ಕರೆಯಬೇಕು.

ಅತ್ತಿಯ ಮದುವೆಯಾದ ಮೊದಲ ಪಂಚಮಿ. ಅವಳಿಗೆ ಹತ್ತೊಂಬತ್ತು, ನನಗೆ ಏಳು. ನನ್ನ ಕೈಗೆ ಹಚ್ಚಿದವಳು ಅವಳೇ. ಹಬ್ಬದ ಮೂರನೇ ದಿನ ಮಾವ ಬಂದು ಕರೆದುಕೊಂಡು ಹೋದರು. ಆಮೇಲೆ ಐದಾರು ದಿನಕ್ಕೆ, ಹೊಲದಲ್ಲಿ ಪಂಪ್‌ಸೆಟ್ಟು ಚಾಲೂ ಮಾಡಲು ಹೋದವರು ಕರೆಂಟ್ ಹೊಡೆದು ತೀರಿಕೊಂಡರು. ಅವ್ವ ನನ್ನನ್ನೂ ಎತ್ತಿಕೊಂಡು ಬಸ್ಸು ಹತ್ತಿದಳು.

ಅಲ್ಲಿ ನೋಡಿದ್ದರಲ್ಲಿ ನನಗೆ ಸ್ಪಷ್ಟವಾಗಿ ಉಳಿದದ್ದು ಒಂದೇ. ಬಳೆ ಒಡೆದಿದ್ದರು, ಕುಂಕುಮ ಒರೆಸಿದ್ದರು, ತಾಳಿ ತೆಗೆದಿದ್ದರು. ಅದಷ್ಟೂ ಬೇಗ ಮುಗಿಯುವ ಕೆಲಸ. ಆದರೆ ಅಂಗೈ ಮಾತ್ರ ಕೆಂಪಗೇ ಇತ್ತು. ಆ ಮನೆಯ ಹಿರಿಯ ಹೆಂಗಸೊಬ್ಬಳು ಅತ್ತಿಯನ್ನು ಬಚ್ಚಲಿಗೆ ಕರೆದೊಯ್ದು, ಹುಣಸೆಹಣ್ಣು ಮತ್ತು ಬೂದಿ ಹಾಕಿ ತೆಂಗಿನ ನಾರಿನಿಂದ ಕೈ ತಿಕ್ಕಿದಳು. ಹೋಗಲಿಲ್ಲ. ಮತ್ತೆ ತಿಕ್ಕಿದಳು. ಬಾಗಿಲ ಸಂದಿಯಲ್ಲಿ ನಿಂತು ನಾನು ನನ್ನ ಕೈ ನೋಡಿಕೊಂಡೆ. ನನ್ನದೂ ಅಷ್ಟೇ ಕೆಂಪಗಿತ್ತು, ಒಂದೇ ಒರಳಿನದು. ನನ್ನ ಕೈಯನ್ನೂ ತಿಕ್ಕುತ್ತಾರೇನೋ ಅನ್ನುವ ಹೆದರಿಕೆಗೆ ಲಂಗದಲ್ಲಿ ಮುಚ್ಚಿಕೊಂಡೆ.

ಆ ಹೆಂಗಸು ಕೆಟ್ಟವಳಾಗಿರಲಿಲ್ಲ. ತಿಕ್ಕುತ್ತ ಅಳುತ್ತಿದ್ದಳು.

ಆಕೆಯ ಕೆಲಸ ಯಾಕೆ ಆಗುವಂಥದ್ದಲ್ಲ ಎಂದು ಎಷ್ಟೋ ವರ್ಷದ ಮೇಲೆ ಓದಿ ತಿಳಿದೆ. ಮದರಂಗಿ ಎಲೆಯಲ್ಲಿ ಲಾಸೋನ್ ಎಂಬ ವಸ್ತು ಇದೆ. ಎಲೆ ಅರೆದು ಹುಳಿ ಬೆರೆಸಿದಾಗ ಅದು ಹೊರಬಂದು ಚರ್ಮದ ಕೆರಾಟಿನ್ ಜೊತೆ ಕೂಡಿಕೊಳ್ಳುತ್ತದೆ. ಮೇಲೆ ಬಳಿದ ಸುಣ್ಣದ ಹಾಗಲ್ಲ, ಕೂಡಿಕೊಂಡ ಮೇಲೆ ಅದು ಚರ್ಮದ್ದೇ ಭಾಗ. ಹಾಗೆ ಕೂಡುವುದು ಚರ್ಮದ ಅತಿ ಹೊರಗಿನ, ಅಂದರೆ ಸತ್ತ ಪದರದೊಂದಿಗೆ. ಅಂಗೈಯಲ್ಲಿ ಆ ಪದರ ದಪ್ಪ, ಅದಕ್ಕೇ ಅಲ್ಲಿ ಬಣ್ಣ ಗಾಢ. ಪದರ ಉದುರಿದಂತೆ ಎರಡು ಮೂರು ವಾರದಲ್ಲಿ ಬಣ್ಣವೂ ಉದುರುತ್ತದೆ. ಆತುರಪಡಿಸಬೇಕೆಂದರೆ ಚರ್ಮವನ್ನೇ ಕೆರೆಯಬೇಕು. ಉಗುರಿನದು ಇನ್ನೂ ನಿಧಾನ. ಉಗುರು ಬೆಳೆದು ತುದಿಗೆ ಬಂದು ಕತ್ತರಿಸುವವರೆಗೆ, ಐದಾರು ತಿಂಗಳು, ಅದು ಹಾಗೇ ಇರುತ್ತದೆ.

ಎರಡು ತಿಂಗಳಲ್ಲಿ ಅತ್ತಿ ನಮ್ಮ ಮನೆಗೇ ಬಂದಳು. ಮುಂದಿನ ಪಂಚಮಿಯಿಂದ ಮನೆಮಂದಿಗೆಲ್ಲ ಗೋರಂಟಿ ರುಬ್ಬುವ ಕೆಲಸ ಅವಳದೇ ಆಯಿತು. ಯಾರೂ ಹೇಳಿದ್ದಲ್ಲ, ಅವಳೇ ಹೋಗಿ ಒರಳ ಮುಂದೆ ಕೂತಳು. ರುಬ್ಬುವ ಮೊದಲು ಎರಡೂ ಕೈಗೆ ದಪ್ಪಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದಳು. ಎಣ್ಣೆ ಇದ್ದರೆ ಬಣ್ಣ ಅಷ್ಟಾಗಿ ಹಿಡಿಯುವುದಿಲ್ಲ. ಎಲೆಗೆ ಮುತ್ತೈದೆ ಯಾರು, ಅಲ್ಲದವರು ಯಾರು ಎಂದು ತಿಳಿಯುವುದಿಲ್ಲವಲ್ಲ, ಮುಟ್ಟಿದವರಿಗೆಲ್ಲ ಹತ್ತುತ್ತದೆ. ಅದಕ್ಕೆ ತಿಳಿಯದ್ದನ್ನು ಎಣ್ಣೆ ತಿಳಿಸಿಕೊಡಬೇಕಿತ್ತು. ವರ್ಷ ವರ್ಷವೂ ಆ ಎಣ್ಣೆ ಕೈ ನೋಡಿದ್ದೇನೆ, ಅವಳು ರುಬ್ಬಿದ್ದನ್ನು ಹಚ್ಚಿಕೊಂಡಿದ್ದೇನೆ. ನನ್ನ ಮದುವೆಯಲ್ಲೂ ರುಬ್ಬಿದವಳು ಅವಳೇ. ಆಗಲೂ ನಾನು ಏನೂ ಅನ್ನಲಿಲ್ಲ.

ಇಲ್ಲೊಂದು ತಮಾಷೆ. ತೊಂಬತ್ತರ ದಶಕದಲ್ಲಿ ನಮ್ಮೂರಿಗೂ ಮದರಂಗಿ ಪುಡಿಯ ಪ್ಯಾಕೆಟ್ ಬಂತು. ಕೂದಲು ನೆರೆತವರೆಲ್ಲ ತಲೆಗೆ ಮೆತ್ತಿಕೊಳ್ಳತೊಡಗಿದರು. ಅತ್ತಿಯೂ ಮೆತ್ತಿಕೊಂಡಳು, ತಂಪು ಅಂತ. ಯಾರೂ ತಕರಾರು ತೆಗೆಯಲಿಲ್ಲ. ಅದೇ ಎಲೆ, ಅದೇ ಕೆಂಪು. ಹುಬ್ಬಳ್ಳಿ ಪೇಟೆಯಲ್ಲಿ ಅದೇ ಬಣ್ಣದ ಗಡ್ಡ ಬಿಟ್ಟ ಮುದುಕರೂ ಕಾಣಸಿಗುತ್ತಾರೆ. ತಲೆಗಾದರೆ ಔಷಧ, ಗಡ್ಡಕ್ಕಾದರೆ ಮತ, ಅಂಗೈಗಾದರೆ ಸೌಭಾಗ್ಯ. ಒಂದೇ ಗಿಡದ ಮೇಲೆ ಇಷ್ಟು ಅರ್ಥ ಹೇರಿದವರು ನಾವು.

ಹೇರಿದ್ದು ನಾವಷ್ಟೇ ಅಲ್ಲ, ನೂರಾರು ಜನಾಂಗಗಳು. ಬೈಬಲಿನ ಪರಮಗೀತೆಯಲ್ಲಿ ಏನ್‌ಗೆದಿಯ ತೋಟದ ಈ ಹೂವಿನ ಮಾತು ಬರುತ್ತದೆ. ಯೆಮನ್ನಿನ ಯಹೂದಿಗಳಲ್ಲಿ, ಮೊರಾಕ್ಕೋದ ಮುಸ್ಲಿಮರಲ್ಲಿ, ರಾಜಸ್ಥಾನದ ಹಿಂದೂಗಳಲ್ಲಿ ಮದುವೆಯ ಹಿಂದಿನ ರಾತ್ರಿ ಇದರದೇ. 2024ರ ಡಿಸೆಂಬರಿನಲ್ಲಿ 16 ಅರಬ್ ದೇಶಗಳು ಒಟ್ಟಾಗಿ ಕೇಳಿಕೊಂಡದ್ದರ ಮೇಲೆ ಯುನೆಸ್ಕೋ ಮದರಂಗಿಯ ಆಚರಣೆಗಳನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಭಾರತ ಆ ಅರ್ಜಿಯಲ್ಲಿರಲಿಲ್ಲ. ಅದಕ್ಕೆ ಬೇಸರಪಡುವವರಿರಬಹುದು, ನನಗೇನೂ ಇಲ್ಲ. ಬೇಲಿ ಗಿಡಕ್ಕೆ ಪಟ್ಟೆ ಯಾರ ಹೆಸರಿಗಾದರೇನು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಟರ್ಕಿಯ ಒಂದು ರೂಢಿ. ಅಲ್ಲಿ ಮದರಂಗಿ ಹಚ್ಚುವುದು ಮೂವರಿಗೆ ಎಂದು ಹೇಳುವುದುಂಟು: ಬಲಿಗೆ ಹೋಗುವ ಟಗರಿಗೆ, ಸೈನ್ಯಕ್ಕೆ ಹೋಗುವ ಹುಡುಗನಿಗೆ, ಗಂಡನ ಮನೆಗೆ ಹೋಗುವ ಹುಡುಗಿಗೆ. ಮದರಂಗಿಯ ರಾತ್ರಿ ಮದುಮಗಳು ಅಳುವವರೆಗೂ ಹಾಡುತ್ತಾರಂತೆ. ಟಗರು, ಸಿಪಾಯಿ, ಹೆಣ್ಣು. ಅಂದರೆ ಬಣ್ಣ ಬರೀ ಚೆಲುವಿಗಲ್ಲ, 'ಇದನ್ನು ಕೊಟ್ಟೆವು' ಎಂಬುದಕ್ಕೆ ಗುರುತು. ಇದನ್ನು ಓದಿದ ಮೇಲೆ ಆ ಬಚ್ಚಲುಮನೆ ನನಗೆ ಬೇರೆ ಥರ ಅರ್ಥವಾಯಿತು. ಇಸಿದುಕೊಂಡವನೇ ಹೋದ ಮೇಲೆ ಕೊಟ್ಟ ಗುರುತು ಕೈಮೇಲೆ ಯಾಕಿರಬೇಕು? ತಿಕ್ಕುವವಳ ತರ್ಕ ಅದು. ತರ್ಕದಲ್ಲಿ ದೋಷವಿಲ್ಲ. ದೋಷವಿರುವುದು ಹುಡುಗಿಯನ್ನು ಕೊಟ್ಟ ಸಾಮಾನು ಎಂದು ಹಿಡಿದ ಕಡೆ.

ಕೈ ತಿಕ್ಕಿದ ಇನ್ನೊಂದು ಸಂಗತಿ ಸ್ಪೇನಿನ ಚರಿತ್ರೆಯಲ್ಲಿ ಸಿಗುತ್ತದೆ. 1492ರಲ್ಲಿ ಗ್ರಾನಾಡಾ ಕ್ರೈಸ್ತ ಅರಸರ ಕೈಗೆ ಹೋದ ಮೇಲೆ ಅಲ್ಲಿಯ ಮುಸ್ಲಿಮರು ಒತ್ತಾಯಕ್ಕೆ ಮತ ಬದಲಿಸಿದರು. ಅವರನ್ನು ಮೊರಿಸ್ಕೋ ಎಂದು ಕರೆದರು. ಮತ ಬದಲಾದರೂ ಸ್ನಾನ, ಹಾಡು, ಉಡುಗೆ, ಕೈಯ ಮದರಂಗಿ ಹಾಗೇ ಉಳಿದವು. ಗ್ವಾದಿಷ್ ಎಂಬ ಊರಿನ ಬಿಷಪ್ ಆಗಿದ್ದ ಅಂತೋನಿಯೋ ದೆ ಗೆವಾರಾ, ಆ ಕಾಲದ ದೊಡ್ಡ ಬರಹಗಾರ ಕೂಡ, ತನ್ನ ಸೀಮೆಯ ಮೊರಿಸ್ಕೋ ಹೆಂಗಸರ ಕೂದಲು ಕತ್ತರಿಸಲು ಮತ್ತು ಅವರ ಕೈಯ ಮದರಂಗಿ ಕೆರೆಸಲು ಹೊರಟ. ಜನ ಗ್ರಾನಾಡಾದ ನ್ಯಾಯಾಧಿಕಾರಿಗಳ ಹತ್ತಿರ ದೂರು ಕೊಂಡೊಯ್ದರು. ನ್ಯಾಯಾಧಿಕಾರಿಗಳು ಕೂತು ಯೋಚಿಸಿ, ಹಾಗೆ ಮಾಡಕೂಡದೆಂದು ಬಿಷಪ್‌ಗೆ ತಿಳಿಸಲು ಆಳು ಕಳಿಸಿದರು. ಇದಕ್ಕೂ ನಂಬಿಕೆಗೂ ಅಂಥ ಸಂಬಂಧವೇನಿಲ್ಲ ಎಂಬುದು ಅವರು ಕೊಟ್ಟ ಕಾರಣ.

ಇದು ನಮಗೆ ತಿಳಿದಿರುವುದು ಫ್ರಾನ್ಸಿಸ್ಕೋ ನೂನ್ಯೆಸ್ ಮುಲೆ ಎಂಬ ಮೊರಿಸ್ಕೋ ಮುದುಕನಿಂದ. 1567ರಲ್ಲಿ ದೊರೆ ಎರಡನೇ ಫಿಲಿಪ್‌ನ ಆಜ್ಞೆ ಹೊರಟಿತು. ಅರಬ್ಬಿ ಮಾತು ಬೇಡ, ಆ ಉಡುಗೆ ಬೇಡ, ಸ್ನಾನದ ಮನೆಗಳು ಬೇಡ, ಮದರಂಗಿಯೂ ಬೇಡ. ಅದರ ವಿರುದ್ಧ ನೂನ್ಯೆಸ್ ಮುಲೆ ಒಂದು ಉದ್ದನೆಯ ಮನವಿ ಸಲ್ಲಿಸಿದ. ಹಳೆಯ ಬಿಷಪ್‌ನ ಸಂಗತಿಯನ್ನು ಅದರಲ್ಲೇ ನೆನಪಿಸಿದ. ಮದರಂಗಿ ಮತಾಚಾರವಲ್ಲ, ತಲೆ ಶುಚಿಯಾಗಿಡಲು ಬಳಸುವ, ಆರೋಗ್ಯಕ್ಕೆ ಒಳ್ಳೆಯದಾದ ಪದಾರ್ಥ ಎಂದು ವಾದಿಸಿದ. ಮನವಿ ನಡೆಯಲಿಲ್ಲ. ಮರುವರ್ಷ ದಂಗೆ ಎದ್ದಿತು. 1609ರಿಂದ ಮುಂದಿನ ಐದು ವರ್ಷಗಳಲ್ಲಿ ಮೊರಿಸ್ಕೋಗಳನ್ನು ದೇಶದಿಂದಲೇ ಹೊರಹಾಕಿದರು.

ಆ ಮುದುಕನ ವಾದದ ಮೇಲೆ ನನಗೆ ಗೌರವವಿದೆ, ಅದು ನನ್ನನ್ನು ಕಾಡುತ್ತದೆ ಕೂಡ. ಕೆರೆಯುವ ಕೈಯಿಂದ ಹೆಂಗಸರನ್ನು ಪಾರು ಮಾಡಲು ಅವನು ಹೇಳಬೇಕಾಗಿದ್ದು ಏನು? ಇದಕ್ಕೆ ಅರ್ಥವಿಲ್ಲ, ಬರೀ ಸೊಪ್ಪು, ಬರೀ ಶುಚಿ ಎಂದು. ಅಧಿಕಾರಿಗಳು ಬಿಷಪ್‌ನನ್ನು ತಡೆದದ್ದೂ ಅದೇ ಕಾರಣಕ್ಕೆ, ಇದು ಅಷ್ಟು ದೊಡ್ಡ ಸಂಗತಿಯಲ್ಲ ಎಂದು. ಆದರೆ ಮದುವೆಯ ಹಿಂದಿನ ರಾತ್ರಿ ಮಗಳ ಕೈಗೆ ಹಚ್ಚಿದ ತಾಯಿಯನ್ನು ಕೇಳಿದ್ದರೆ ಬರೀ ಸೊಪ್ಪು ಅನ್ನುತ್ತಿದ್ದಳೇ? ಅರ್ಥವಿದೆ ಎಂದರೆ ಕೆರೆಯುತ್ತಾರೆ, ಇಲ್ಲ ಎಂದರೆ ಬಿಡುತ್ತಾರೆ. ಉಳಿಸಿಕೊಳ್ಳಬೇಕಾದರೆ ಮೊದಲು ಬೆಲೆ ಇಲ್ಲದ್ದು ಎಂದು ಒಪ್ಪಿಕೊಳ್ಳಬೇಕು. ದುರ್ಬಲರ ವಾದ ಎಷ್ಟೋ ಸಲ ಹೀಗೇ ಇರುತ್ತದೆ, ಅವರ ತಪ್ಪಲ್ಲ. ನನ್ನ ಪ್ರಶ್ನೆ ಬಲ ಇರುವವರ ಬಗ್ಗೆ. ಅರ್ಥ ಇದ್ದೂ, ಆ ಅರ್ಥ ನಮ್ಮದಲ್ಲದಿದ್ದರೂ, ಕೈಯನ್ನು ಅವರಿಗೇ ಬಿಡುವುದು ನಮಗೆ ಯಾಕಿಷ್ಟು ಕಷ್ಟ?

ಇದು ಬರೀ ಹಳೆಯ ಸ್ಪೇನಿನ ಕತೆಯಲ್ಲ. 2021ರ ಆಗಸ್ಟಿನಲ್ಲಿ, ಹರಿಯಾಲಿ ತೀಜ್ ಹಬ್ಬದ ಹೊತ್ತಿಗೆ, ಉತ್ತರ ಪ್ರದೇಶದ ಮುಜಫ್ಫರನಗರದಲ್ಲಿ ಒಂದು ಸಂಘಟನೆಯವರು ಮೆಹಂದಿ ಹಾಕುವವರಲ್ಲಿ ಮುಸ್ಲಿಮರಿದ್ದಾರೆಯೇ ಎಂದು ಅಂಗಡಿ ಅಂಗಡಿ ತಪಾಸಣೆ ಮಾಡಿದರು. ಅಲ್ಲಿ ಹಿಡಿದದ್ದು ಬಣ್ಣ ಹಚ್ಚಿಸಿಕೊಳ್ಳುವ ಕೈಯನ್ನಲ್ಲ, ಹಚ್ಚುವ ಕೈಯನ್ನು. ಅಷ್ಟೇ ವ್ಯತ್ಯಾಸ.

ಹುಬ್ಬಳ್ಳಿಯ ಮದುವೆಗೆ ಬಂದ ಹುಡುಗಿಯರಿಬ್ಬರೂ ಮುಸ್ಲಿಮರು. ನಮ್ಮ ಮನೆಯಲ್ಲಿ ಅದು ಯಾರ ತಲೆಗೂ ಬರಲಿಲ್ಲ ಎಂದು ಬರೆಯುವ ಆಸೆ ಇದೆ, ಆದರೆ ಸುಳ್ಳಾಗುತ್ತದೆ. ಬೀಗರ ಕಡೆಯ ಒಬ್ಬರು ಮೆಲ್ಲಗೆ ವಿಚಾರಿಸಿದರು. ನನ್ನ ತಮ್ಮ, "ಭಾಳ ಚಂದ ಹಾಕ್ತಾರ್ರೀ" ಎಂದಷ್ಟೇ ಹೇಳಿ ಚಹಾ ಕೊಟ್ಟ. ಅವನ ಉತ್ತರ ನನಗೆ ಹಿಡಿಸಿತು. ಆ ಹುಡುಗಿಯ ತೋರುಬೆರಳು, ಹೆಬ್ಬೆರಳು ಕೋನ್ ಒತ್ತಿ ಒತ್ತಿ ಕಂದಾಗಿದ್ದವು. ಅಂಗೈ ಮಾತ್ರ ಖಾಲಿ. ಯಾಕವ್ವ ಅಂದರೆ, "ಸೀಸನ್‌ದಾಗ ಟೈಮ್ ಎಲ್ಲೈತ್ರಿ ಮೇಡಂ, ನಮ್ಮ ಈದ್‌ಗೆ ಹಾಕ್ಕೊಂತೀವಿ" ಅಂದಳು. ತರಿಸುವುದು ರಾಜಸ್ಥಾನದ ಸೋಜತ್‌ನ ಪುಡಿಯನ್ನಂತೆ. ಸೋಜತ್ ಮೆಹಂದಿಗೆ 2021ರಲ್ಲಿ ಜಿಐ ಗುರುತು ಕೂಡ ಸಿಕ್ಕಿದೆ. ಹತ್ತು ನಿಮಿಷದಲ್ಲಿ ಕಪ್ಪಾಗುವ ಕೋನ್ ತಾನು ಮುಟ್ಟುವುದಿಲ್ಲ ಎಂದೂ ಹೇಳಿದಳು. ಅದು ಸರಿಯೇ. ಅಂಥವುಗಳಲ್ಲಿ ಕೂದಲಿನ ಡೈಗೆ ಹಾಕುವ ಪಿಪಿಡಿ ಎಂಬ ರಾಸಾಯನಿಕ ಬೆರೆಸಿರುವುದುಂಟು, ಚರ್ಮ ಬೊಬ್ಬೆ ಏಳುತ್ತದೆ.

ಮದುವೆ ಮುಗಿದು ವಾರವಾದ ಮೇಲೆ ಊರಿಗೆ ಹೋಗಿ ಅತ್ತಿಯ ಮುಂದೆ ಕೂತೆ. ತಪ್ಪಾಯಿತು ಅಂದೆ. ಅವಳು ಶೇಂಗಾ ಸುಲಿಯುತ್ತಿದ್ದಳು, ನಿಲ್ಲಿಸಲಿಲ್ಲ. ನಾನೇ ಬಿಡದೆ ಕೇಳಿದೆ. ಹಚ್ಚಿಕೊಳ್ಳಬಾರದು ಅಂತ ಇನ್ನೂ ಅನಿಸುತ್ತದೇನು? ಜನ ಏನಂದಾರು ಅಂತೇನು?

"ಜನಾ ಏನಂತಾರ, ಸಾಯ್ಲಿ" ಅಂದಳು. ಸ್ವಲ್ಪ ಹೊತ್ತು ಬಿಟ್ಟು ತಾನಾಗಿಯೇ ಮಾತು ತೆಗೆದಳು. ಆ ಪಂಚಮಿಯಲ್ಲಿ ಮಾವ ಕರೆಯಲು ಬಂದಾಗ, ಬಸ್ಸಿನಲ್ಲಿ ಕೂತು ಅವಳ ಅಂಗೈ ತೆರೆದು ನೋಡಿದ್ದರಂತೆ. ಏನೂ ಅನ್ನಲಿಲ್ಲವಂತೆ, ಇಳಿಯುವವರೆಗೂ ಹಿಡಿದುಕೊಂಡೇ ಕೂತಿದ್ದರಂತೆ. ಆಮೇಲೆ ಹಾಗಾಯಿತು. ಕೈ ತಿಕ್ಕಿದ್ದು ಅವಳಿಗೆ ಉರಿದದ್ದು ನಿಜ. ಆದರೆ ಅವಳಿಗೆ ಸಮಾಧಾನವಾಗಿದ್ದೂ ಅದೇ, ಎಷ್ಟು ತಿಕ್ಕಿದರೂ ಹೋಗಲಿಲ್ಲವಲ್ಲ ಎಂದು. "ಬಳಿ ತಗದ್ರು, ಎಲ್ಲಾ ತಗದ್ರು. ಇದನ್ನ ತಗಿಲಿಕ್ಕೆ ಆಗ್ಲಿಲ್ಲ ಅವರಿಗೆ. ಅಂವ ನೋಡಿದ್ದು ಅದೊಂದೇ ಉಳೀತು ನನ್ನ ಹಂತ್ಯಾಕ." ಅಂಗೈಯದು ಹದಿನೈದು ದಿನದಲ್ಲಿ ಹೋಯಿತು. ಉಗುರಿನದು ಸಂಕ್ರಾಂತಿ ಹೊತ್ತಿಗೆ ತುದಿಗೆ ಬಂದು ಒಂದು ಗೆರೆಯಾಗಿತ್ತು. ಉಗುರು ತೆಗೆ ಎಂದು ನನ್ನ ಅಜ್ಜಿ ಹೇಳುತ್ತಲೇ ಇದ್ದಳು. ಅತ್ತಿ ದಿನ ಮುಂದೂಡಿದಳು. ಕೊನೆಗೆ ಒಂದು ದಿನ ಭಾಂಡೆ ತಿಕ್ಕುವಾಗ ತಾನೇ ಮುರಿದುಹೋಯಿತು. "ಅವತ್ತು ಅತ್ತೆ ನೋಡು. ಅಂವ ಹೋದ ದಿನ ಕಣ್ಣೀರ ಬಂದಿರ್ಲಿಲ್ಲ ನನಗ."

ಐವತ್ತು ವರ್ಷ ಆ ಎಣ್ಣೆ ಕೈಯನ್ನು ನಾನು ಓದಿಕೊಂಡದ್ದೇ ಬೇರೆ. ಊರು ಹಾಕಿದ ಕಟ್ಟಳೆ, ಅವಳು ತಲೆಬಾಗಿದ್ದಾಳೆ ಎಂದು. ಕಟ್ಟಳೆ ಇದ್ದದ್ದು ಸುಳ್ಳಲ್ಲ, ಅದು ಕ್ರೂರವಾದದ್ದು ಎಂಬುದೂ ಸುಳ್ಳಲ್ಲ. ಮೂವತ್ತನೆಯ ವಯಸ್ಸಿನಲ್ಲಿ ಅವಳಿಗೆ ಮನಸ್ಸಾಗಿದ್ದರೆ ಹಚ್ಚಿಕೊಳ್ಳಲು ಬಿಡುತ್ತಿದ್ದರೇ? ಇಲ್ಲ. ಆದರೆ ಆ ಕಟ್ಟಳೆಯ ಒಳಗೇ ಅವಳು ತನ್ನದೊಂದು ಕಾರಣ ಇಟ್ಟುಕೊಂಡಿದ್ದಳು. ಎರಡನ್ನೂ ಬಿಡಿಸಿ ನೋಡುವುದು ಅವಳಿಗೇ ಆಗುತ್ತದೋ ಇಲ್ಲವೋ. ಬಿಡಿಸಲು ನಾನು ಯಾರು? ಬಚ್ಚಲಲ್ಲಿ ಬಣ್ಣ ತೆಗೆಯಲು ಹಿಡಿದ ಕೈಯನ್ನೇ ನಾನು ಹುಬ್ಬಳ್ಳಿಯ ಛತ್ರದಲ್ಲಿ ಬಣ್ಣ ಹಚ್ಚಲು ಹಿಡಿದೆ. ನನ್ನ ಉದ್ದೇಶ ಒಳ್ಳೆಯದಿತ್ತು. ತಿಕ್ಕುತ್ತ ಅಳುತ್ತಿದ್ದ ಆ ಹೆಂಗಸಿನದೂ ಕೆಟ್ಟದ್ದೇನಿರಲಿಲ್ಲ.

ಹಾಗಾದರೆ ಸುಮ್ಮನಿರುವುದೇ ಸರಿಯೇ? ನನ್ನ ಮದುವೆಯಲ್ಲಿ ಸುಮ್ಮನಿದ್ದೆನಲ್ಲ, ಅದು ಸರಿಯಾಗಿತ್ತೇ? ಆಗ ಅವಳಿಗೆ ಮೂವತ್ತೈದರ ಆಸುಪಾಸು. ಒಂದು ಸಲ, ಯಾರೂ ಇಲ್ಲದಾಗ, ಕೈ ಹಿಡಿಯದೆ, ಕೇಳಬಹುದಿತ್ತು. ಎಣ್ಣೆ ಡಬ್ಬಿ ತಂದುಕೊಟ್ಟವಳೂ ನಾನೇ. ಈಗ ಕೇಳಿದ್ದಕ್ಕೆ ಅವಳು ಈ ಕತೆ ಹೇಳಿದಳು. ಆಗ ಕೇಳಿದ್ದರೆ ಏನು ಹೇಳುತ್ತಿದ್ದಳೋ, ಅದು ನನಗೆ ಇನ್ನು ಸಿಗುವುದಿಲ್ಲ.

ಹೊರಡುವಾಗ ಅತ್ತಿ ಹಿತ್ತಲಿಗೆ ಹೋಗಿ ಒಂದು ಚೀಲ ಗೋರಂಟಿ ಎಲೆ ತರಿದು ತಂದಳು. ಗಿಡ ಮುದಿಯಾಗಿದೆ, ಈ ಸಲ ಮಳೆಗೆ ಚೆನ್ನಾಗಿ ಚಿಗುರಿದೆ ಅಂದಳು. ಆ ಹುಬ್ಬಳ್ಳಿಯ ಹುಡುಗಿಗೆ ಕೊಡಬೇಕಂತೆ, ಅವಳ ಪುಡಿಯದು ವಾಸನೆ ಸರಿ ಇಲ್ಲವಂತೆ, ಒಂದು ಸಲ ಹಸಿ ಎಲೆಯದು ರುಬ್ಬಿ ನೋಡಲಿ ಅಂತ. ಕಾಚು ಎಷ್ಟು, ಹುಳಿ ಎಷ್ಟು ಎಂದು ಎರಡೆರಡು ಸಲ ಹೇಳಿದಳು. ಬಸ್ಸಿನಲ್ಲಿ ಚೀಲ ತೊಡೆಯ ಮೇಲಿತ್ತು. ಮಾರನೇ ದಿನ ಫೋನ್ ಮಾಡಿದೆ, ಹುಡುಗಿ ತಾನೇ ಬಂದು ಒಯ್ದಳು.